ಅಪ್ಪ ಹಾಸಿದ ಕಾರ್ಪೆಟ್

ಮಾರ್ಚ್ 11, ಮಂಗಳವಾರ

ಅಮ್ಮನನ್ನು ಮಣ್ಣು ಮಾಡಿ ವಾರವಾಗಿಲ್ಲ, ನಮಗೆ ಈ ಮನೆ ಬಾಡಿಗೆಗೆ ಕೊಟ್ಟಿರುವ ಊರಿನ ಕೌನ್ಸಿಲ್ ಆಫೀಸಿನ ಪ್ರಿಚರ್ಡ್ ಬಂದಿದ್ದ. ಕಾರ್ಪೆಟ್ ಕೊಳೆಯಾಗದಿರಲೆಂದು ಬಾಗಿಲಲ್ಲೇ ಬೂಟು ಬಿಚ್ಚಿದ. ನಾನು ಕೊಟ್ಟ ಚಹಾ ಕುಡಿದು, "ಈ ಮನೆ ನಿನ್ನ ಹೆಸರಿಗೆ ಬರಲ್ಲ ಕಣಮ್ಮ ಲೋರ್ನಾ," ಅಂದ.

"ಹುಟ್ಟಿದಾಗಿಂದ ಇಲ್ಲೇ ಇದೀನಲ್ರೀ!"

"ಬಾಡಿಗೆ ಹಕ್ಕು ಕೈ ಬದಲಾಗೋದು ಒಂದೇ ಸಲ. ನಿಮ್ಮಪ್ಪ ತೀರಿಕೊಂಡಾಗ ಅಮ್ಮನಿಗೆ ಬಂತಲ್ಲ, ಅಲ್ಲಿಗೆ ಮುಗೀತು."

ಗಂಡನ ಜೊತೆ ಬಾಳಿದ ಮನೆಯಲ್ಲೇ ಹೆಂಡತಿ ಉಳಿದದ್ದೂ ಕೈ ಬದಲಾದ ಲೆಕ್ಕವಂತೆ! ಮೈಯೆಲ್ಲ ಉರಿಯುತ್ತಿದೆ.

ಹೊರಡುವಾಗ ಬೂಟಿನ ದಾರ ಕಟ್ಟುತ್ತ ಅಂದ: "ಖಾಲಿ ಮಾಡೋವಾಗ ಕಾರ್ಪೆಟ್ಟೂ ಕಿತ್ಕೊಂಡು ಹೋಗ್ಬೇಕು. ಬರೀ ನೆಲ ಬಿಡ್ಬೇಕು, ಅದು ನಿಯಮ."

ಅಪ್ಪ ಮಂಡಿಯೂರಿ ಹಾಸಿದ ಕಾರ್ಪೆಟ್ ಅದು. ಮುಂದಿನ ಸಲ ಆ ಮನುಷ್ಯ ಬೂಟು ಹಾಕಿಕೊಂಡೇ ಬರಲಿ.