ಮುಂದೆ ಓದಲು ಚಂದಾದಾರರಾಗಿ

ಭಾನುವಾರ, ಮಧ್ಯಾಹ್ನ

ಚೋಟು ಅಪ್ಪನಿಗೆ,

ನಿಮ್ಮ ಮೆಸೇಜ್ ಬಂತು. ಹೇಗಿದ್ದೀಯ ಎಂದು ಒಂದಕ್ಷರ ಇಲ್ಲ. ಫೋನಿನಲ್ಲಿ ಬರುವ ಪೇಪರು, ಸಿನಿಮಾ ಇವುಗಳಲ್ಲಿ ಯಾವುದರ ಚಂದಾ ಇಟ್ಟುಕೊಳ್ಳೋಣ, ಯಾವುದು ಬಿಡೋಣ, ಬೇಗ ತಿಳಿಸು ಎಂದಷ್ಟೇ. ಡಿಪೋದಲ್ಲಿ ಓವರ್‌ಟೈಮ್ ನಿಲ್ಲಿಸಿದ್ದಾರೆಂದು ಕೇಳಿದೆ. ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ನಮ್ಮಿಬ್ಬರ ಮಾತು ಎಲ್ಲಿ ಶುರುವಾದರೂ ಜಗಳಕ್ಕೇ ಬಂದು ನಿಲ್ಲುವುದರಿಂದ ಕಾಗದ ಬರೆಯುತ್ತಿದ್ದೇನೆ. ಇಸ್ತ್ರಿಯಾದ ನಿಮ್ಮ ಯೂನಿಫಾರ್ಮಿನ ಜೇಬಿನಲ್ಲಿ ಇಟ್ಟು ಕಳಿಸುತ್ತೇನೆ. ನೀವು ಬೇರೆ ರೂಮು ಮಾಡಿಕೊಂಡು ಹೋದರೂ ನಿಮ್ಮ ಅಂಗಿಗಳು ಮಾತ್ರ ನಾನು ಕೆಲಸ ಮಾಡುವ ಲಾಂಡ್ರಿಗೇ ಬರುತ್ತವೆ. ನಿಮ್ಮ ಯಜಮಾನರಿಗಿಂತ ಅವರ ಅಂಗಿಗಳಿಗೇ ಬುದ್ಧಿ ಜಾಸ್ತಿ, ದಾರಿ ಮರೆತಿಲ್ಲ ಎಂದು ಕೌಂಟರಿನವಳು ರೇಗಿಸುತ್ತಾಳೆ. ನಾನೂ ನಗುತ್ತೇನೆ, ಇನ್ನೇನು ಮಾಡಲಿ.

ಕುಸ್ತಿ ತೋರಿಸುವುದರ ಚಂದಾ ಧಾರಾಳವಾಗಿ ಬಿಡಿ. ಮನೆಯಲ್ಲಿ ಆಡಿದ್ದೇ ಸಾಕಷ್ಟಾಗಿದೆ. ಮೂರು ತಿಂಗಳು ಪುಕ್ಕಟೆ ಎಂದು ತೆಗೆದುಕೊಂಡ ಹಾಡಿನದನ್ನೂ ಬಿಡಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಬುದ್ಧಿ ನಿಮ್ಮದು. ಆಮೇಲೆ ದುಡ್ಡು ಹಿಡಿದುಕೊಳ್ಳಲು ಶುರುಮಾಡಿದಾಗಲೇ ಎಚ್ಚರ. ಆ ದೊಡ್ಡ ಪೇಪರಂತೂ ಮೂಗಿಗಿಂತ ಮೂಗುತಿ ಭಾರ. ಚೋಟು ಕಾಣೆಯಾದಾಗ ಎಲ್ಲೋ ಮೂಲೆಯಲ್ಲಿ ನಾಲ್ಕು ಸಾಲು ಹಾಕಿದರು, ಅದರಲ್ಲೂ ಅವಳ ವಯಸ್ಸು ತಪ್ಪು. ಅದು ಬೇಡವೇ ಬೇಡ.

ಹೊಳೆಯಾಚೆಯ ಊರಿನ ಆ ಸಣ್ಣ ಪೇಪರನ್ನು ಮಾತ್ರ ಬಿಡಬೇಡಿ. ಅದನ್ನು ಯಾರು ಓದುತ್ತಾರೆ ಎಂದು ಕೇಳಿದ್ದೀರಿ. ನಾನು ಓದುತ್ತೇನೆ. ಮಗಳ ಫೋನು ಕೊನೆಗೆ ಆನ್ ಆಗಿದ್ದು ಆ ಕಡೆಯಲ್ಲೇ ಎಂದು ಠಾಣೆಯವರು ಹೇಳಿದಂದಿನಿಂದ ದಿನಾ ಬೆಳಗ್ಗೆ ಮುಖ ತೊಳೆಯುವ ಮೊದಲು ಅದನ್ನೇ ನೋಡುವುದು. ಮೊದಲು ಬಿಟ್ಟಿ ಕಾಣುವಷ್ಟನ್ನೇ ಓದುತ್ತಿದ್ದೆ. ಒಂದು ದಿನ ತೆರೆದರೆ, ಹೊಳೆ ದಂಡೆಯಲ್ಲಿ ಯುವತಿಯ ಶವ ಪತ್ತೆ ಎಂದು ದಪ್ಪಕ್ಷರದಲ್ಲಿತ್ತು. ಕೆಳಗೆ ಒಂದೂವರೆ ಸಾಲು ಕಾಣಿಸಿ ಉಳಿದದ್ದೆಲ್ಲ ಮಸುಕು. ಅದರ ಮೇಲೆ ಹಸಿರು ಪಟ್ಟಿ: ಮುಂದೆ ಓದಲು ಚಂದಾದಾರರಾಗಿ.

ಠಾಣೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ನೀವು ಬಿಟ್ಟುಹೋದ ಕಾರ್ಡಿನ ನಂಬರು ಒತ್ತುವಾಗ ಎರಡು ಸಲ ತಪ್ಪಿತು. ಕೊನೆಗೆ ಒಟಿಪಿ ಕೇಳಿತು. ಅದು ಬರುವುದು ನಿಮ್ಮ ಫೋನಿಗೆ. ನೀವು ಹೋದಮೇಲೆ ನಾನಾಗಿ ಮಾಡಿದ ಮೊದಲ ಫೋನು ಅದೇ, ನೆನಪಿದೆಯಾ? ಒಟಿಪಿ ಹೇಳಿ ಎಂದೆ. ಏನಕ್ಕೆ, ಎಷ್ಟಕ್ಕೆ ಎಂದು ನೀವು ಕೇಳಲಿಲ್ಲ. ಹಿಂದೆ ಇಂಜಿನ್ನಿನ ಸದ್ದು ಕೇಳುತ್ತಿತ್ತು. ಒಂದೊಂದೇ ಅಂಕಿ ಬಿಡಿಸಿ ಹೇಳಿ, ಫೋನಿಡದೆ ಕಾದಿರಿ. ಮಸುಕು ಹೋಗಿ ಅಕ್ಷರ ಮೂಡಿತು. ಕೈಯಲ್ಲಿ ಹಚ್ಚೆ, ಬಲಗಾಲಿನಲ್ಲಿ ಹಳೆಯ ಆಪರೇಷನ್ನಿನ ಗುರುತು.

"ನಮ್ಮವಳಲ್ಲ," ಎಂದೆ.

ನೀವು ಫೋನಿಟ್ಟಿರಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಗೋಡೆಗೊರಗಿ ನಕ್ಕುಬಿಟ್ಟೆ. ಯಾರೋ ಹೆತ್ತವಳು ಅದೇ ಸಾಲು ಓದಿ ಎದೆ ಬಡಿದುಕೊಂಡಿರುತ್ತಾಳೆ ಎಂಬುದು ಆಮೇಲೆ ತಲೆಗೆ ಬಂತು. ಹೇಸಿಗೆಯಾಯಿತು. ಆದರೂ ಮರುದಿನ ಬೆಳಗ್ಗೆ ಮತ್ತೆ ತೆರೆದೆ. ಆ ಪೇಪರು ಇರಲಿ.

ಇನ್ನು ನೀವು ಎಲ್ಲಕ್ಕಿಂತ ಮೊದಲು ತೆಗೆಯೋಣ ಎಂದು ಬರೆದದ್ದು, ಸಿನಿಮಾ ಧಾರಾವಾಹಿಯದು. ಅದನ್ನು ಮಾತ್ರ ಮುಟ್ಟಬೇಡಿ. ತೆರೆದ ಕೂಡಲೇ ನೋಡುತ್ತಿರುವವರು ಯಾರು ಎಂದು ಕೇಳುತ್ತದಲ್ಲ, ಅಲ್ಲಿ ನಮ್ಮ ಮೂವರ ಚಿತ್ರಗಳೂ ಈಗಲೂ ಹಾಗೇ ಇವೆ. ಕನ್ನಡಕದ ಬೆಕ್ಕು ಚೋಟುದು. ಅದನ್ನು ಒತ್ತಿದರೆ ಅವಳ ಅಡುಗೆ ಸ್ಪರ್ಧೆ, ಎಲ್ಲಿಯವರೆಗೆ ನೋಡಿದ್ದಾಳೋ ಅಲ್ಲಿಯವರೆಗೆ ಕೆಂಪು ಗೆರೆ. ಅವಳು ಹೋದಮೇಲೆ ಆ ಗೆರೆ ನಿಂತಲ್ಲೇ ನಿಂತಿತ್ತು. ನೀವೂ ಹೋದಿರಿ. ನಾನು ಊಟ ಬಿಟ್ಟಿದ್ದೆ, ಲಾಂಡ್ರಿಯಲ್ಲಿ ತಲೆ ತಿರುಗಿ ಬಿದ್ದೆ, ಕೌಂಟರಿನವಳು ನಿಮಗೆ ಹೇಳಿಕಳಿಸಿದಳು. ಅದಾದ ಮೇಲೆ ಒಂದು ಬೆಳಗ್ಗೆ ನೋಡುತ್ತೇನೆ, ಗೆರೆ ಮುಂದಕ್ಕೆ ಸರಿದಿದೆ.

ಬರಿಗಾಲಲ್ಲೇ ಡಿಪೋಗೆ ಓಡಿಬಂದೆ. ನೀವು ಬಸ್ಸಿನ ಗಾಜು ಒರೆಸುತ್ತಿದ್ದಿರಿ. ವಿಷಯ ಹೇಳಿದರೆ ಈ ಕಡೆ ತಿರುಗದೆ ಒರೆಸಿದ್ದನ್ನೇ ಒರೆಸಿದಿರಿ.

"ಇದ್ದಾಳೆ ಬಿಡು. ನೀನು ಹೋಗಿ ಊಟ ಮಾಡು," ಎಂದಿರಿ.

ಮಾಡಿದೆ. ಎಲ್ಲಿಂದ ನೋಡುತ್ತಿದ್ದಾಳೆಂದು ಆ ಕಂಪನಿಯವರು ಹೇಳುವುದಿಲ್ಲವಂತೆ ಎಂದು ನೀವೇ ವಿಚಾರಿಸಿಕೊಂಡು ಬಂದು ತಿಳಿಸಿದಿರಿ. ಇರಲಿ. ನಾನು ಕೆಲಸಕ್ಕೆ ಹೋಗುವುದು, ಬರುವುದು, ಒಲೆ ಹಚ್ಚುವುದು ಎಲ್ಲ ಆ ಗೆರೆಯ ಮೇಲೆ ನಡೆದಿದೆ. ಅವಳು ಎಲ್ಲಿಯೋ ಕೂತು ಬೆಕ್ಕನ್ನು ಒತ್ತಿದಾಗ ಚಂದಾ ಮುಗಿದಿದೆ ಎಂದು ಬಂದರೆ, ಹೆತ್ತವರೇ ಬಾಗಿಲು ಹಾಕಿಕೊಂಡ ಹಾಗಲ್ಲವೇ? ನಿಮ್ಮ ಕೈಲಾಗದಿದ್ದರೆ ಹೇಳಿ, ಲಾಂಡ್ರಿಯಲ್ಲಿ ಸಂಜೆ ಪಾಳಿಯೂ ಮಾಡುತ್ತೇನೆ. ನೀವೂ ಹೊತ್ತಿಗೆ ಸರಿಯಾಗಿ ನಿದ್ದೆ ಮಾಡಿ. ಬಸ್ಸು ಓಡಿಸುವವರು ನೀವು.

ಇಂತಿ,
ಚೋಟು ಅಮ್ಮ

ತಾ.ಕ.: ಒಂದು ಮಾತು ನಿಮಗೆ ಗೊತ್ತಿರಲಿಕ್ಕಿಲ್ಲ, ಆ ಹೊತ್ತಿನಲ್ಲಿ ನೀವು ಡ್ಯೂಟಿಯಲ್ಲಿ ಇರುತ್ತಿದ್ದಿರಿ. ಚೋಟು ಆ ಸ್ಪರ್ಧೆಯ ಒಂದು ಕಂತನ್ನೂ ಕೊನೆಯವರೆಗೆ ನೋಡಿದವಳಲ್ಲ. ಸೋತವರನ್ನು ಹೊರಗೆ ಕಳಿಸುವುದನ್ನು ನೋಡಲಾಗುವುದಿಲ್ಲ ಎಂದು ಎದ್ದುಬಿಡುತ್ತಿದ್ದಳು. ಈಗ ಪ್ರತಿ ಕಂತಿನಲ್ಲೂ ಗೆರೆ ತುದಿ ಮುಟ್ಟುತ್ತಿದೆ. ಮೊದಲ ವಾರವೇ ನನಗೆ ತಿಳಿಯಿತು. ನೋಡುವುದನ್ನು ನಿಲ್ಲಿಸಬೇಡಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಇನ್ನು ಮೇಲೆ ಪ್ರತಿ ಕಂತಿನ ಕೊನೆಯನ್ನು ಮಾತ್ರ ಅವಳ ಹಾಗೆ ನೋಡದೆ ಬಿಡಿ.