ತುಳುವಿನಲ್ಲಿ ಬೈದದ್ದು

ಸಿದ್ಧಕಟ್ಟೆ
14 ಆಗಸ್ಟ್ 2024

ಸಾತ್ವಿಕಾಳ ಪಪ್ಪನಿಗೆ,

ಬೆನ್ನುನೋವು ಹೇಗುಂಟು? ಅಲ್ಲಿ ನೆಲದ ಮೇಲೆಯೇ ಮಲಗಬೇಕೆಂದು ಅಬ್ದುಲ್ ಶುಕೂರ್ ಹೇಳಿದರು. ನಿಮ್ಮನ್ನು ಜೈಲಿನಲ್ಲಿ ಕಂಡು ಬಂದ ನಮ್ಮೂರಿನವರು ಅವರೊಬ್ಬರೇ. ರಜೆ ಮುಗಿಸಿ ನಾಳೆ ಮತ್ತೆ ಗಲ್ಫಿಗೆ ಹೊರಡುತ್ತಾರೆ, ಈ ಕಾಗದ ಅವರ ಕೈಯಲ್ಲೇ ಕೊಡುತ್ತೇನೆ. ಮದುವೆಯಾದಂದಿನಿಂದ ಫೋನಿನಲ್ಲೇ ಸಂಸಾರ ಮಾಡಿದವಳು, ಕಾಗದ ಬರೆಯುವ ಕ್ರಮವೇ ಮರೆತುಹೋಗಿದೆ. ಇಲ್ಲಿ ನಮಗೆಲ್ಲ ಸೌಖ್ಯ. ಸಾತ್ವಿಕಾಳ ಮುಂದಿನ ಹಲ್ಲುಗಳು ಬಿದ್ದಿವೆ. ತನ್ನ ಹೆಸರು ಹೇಳುವಾಗ ಬರೀ ಗಾಳಿ ಬರುತ್ತದೆ, ಕೇಳಿದ್ದರೆ ನೀವು ನಗುತ್ತಿದ್ದಿರಿ.

ನನ್ನ ಕೆಲಸ ಅದೇ, ಆನ್‌ಲೈನ್ ಸೀರೆ ಅಂಗಡಿಯ ಗಿರಾಕಿಗಳಿಗೆ ಮನೆಯಿಂದಲೇ ಚಾಟ್‌ನಲ್ಲಿ ಉತ್ತರ ಕೊಡುವುದು. ಮೊದಲು ಎಷ್ಟು ಚುರುಕಾಗಿದ್ದೆ. ಈಗ ಸೀರೆ ನಾಳೆ ತಲುಪುತ್ತದೆ ಎಂದು ಬರೆದರೂ, ಕಳುಹಿಸುವ ಮೊದಲು ಯಾರಿಗೆ ಹೋಗುತ್ತದೆಂದು ಮತ್ತೆ ಮತ್ತೆ ನೋಡುತ್ತೇನೆ. ಉತ್ತರ ತಡವಾಗುತ್ತದೆಂದು ಮೇಲಿನವರು ಮೊನ್ನೆ ವಿಡಿಯೋ ಮೀಟಿಂಗಿನಲ್ಲಿ ಎಲ್ಲರೆದುರು ಹೇಳಿದರು. ಕ್ಯಾಮೆರಾ ಆಫ್ ಮಾಡಿ ಕುಳಿತೆ. ನನಗೆ ಬರಬೇಕಾದ ನಿಮ್ಮ ವಾಯ್ಸ್ ಮೆಸೇಜು ಕಂಪೆನಿಯ ಗ್ರೂಪಿಗೆ ಹೋಗಿ ನಿಮ್ಮನ್ನು ಜೈಲಿಗೆ ಹಾಕಿಸಿತೆಂದು ಅವರಿಗೆ ಹೇಗೆ ಹೇಳಲಿ?

ಜ್ವರವಿದ್ದರೂ ನಿಮ್ಮನ್ನು ಬಿಸಿಲಿಗೆ ಕಳುಹಿಸಿದ ಮ್ಯಾನೇಜರನ್ನು ನೀವು ಬೈದಿರಿ. ಆ ಸಂಕಟ ನನ್ನಲ್ಲಿ ಹೇಳದೆ ಮತ್ಯಾರಲ್ಲಿ ಹೇಳುತ್ತೀರಿ? ಮೆಸೇಜಿನಲ್ಲಿ ಬೈದರೂ ಆ ದೇಶದಲ್ಲಿ ಜೈಲೆಂದು ಆಮೇಲೆ ತಿಳಿಯಿತು. ಬೈದದ್ದು ತುಳುವಿನಲ್ಲಿ. ಕಂಪೆನಿಯವರು ಹೊರಗಿನವರನ್ನು ಕರೆಸಿ ಅರ್ಥ ಕೇಳಿರಬೇಕೆಂದು ನಾವು ಅಂದುಕೊಂಡೆವು. ಆ ಗ್ರೂಪಿನಲ್ಲಿ ತುಳು ಬಲ್ಲವರು ಇಬ್ಬರೇ, ನೀವು, ಮತ್ತೆ ನೀವೇ ಆ ಕಂಪೆನಿಗೆ ಸೇರಿಸಿದ ನನ್ನ ತಮ್ಮ ಸನತ್. ನನಗೆ ಹೊಳೆಯಲಿಲ್ಲ. ನಿಮಗೂ ಹೊಳೆದಿಲ್ಲವೆಂದು ಕಾಣುತ್ತದೆ.

ಕಳೆದ ವಾರ ಸನತ್ ಊರಿಗೆ ಬಂದ. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನಿಂದ ನಾನೇ ಕರೆತಂದೆ. ಸಾತ್ವಿಕಾಳಿಗೆ ಹೊಸ ಟ್ಯಾಬ್ ತಂದಿದ್ದ. ಬಡಿಸಿದರೆ ಅನ್ನ ಕಲಸುತ್ತಾ ಕುಳಿತನೇ ಹೊರತು ಉಣ್ಣಲಿಲ್ಲ. ಆಮೇಲೆ ತಲೆಯೆತ್ತದೆ ಹೇಳಿದ:

"ಅಕ್ಕ, ಭಾವ ಎಂತ ಹೇಳಿದ್ದು ಅಂತ ಮ್ಯಾನೇಜರ್ ನನ್ನತ್ರ ಕೇಳಿದ. ನಾನು ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ."

ಪೂರ್ತಿ ಬರೆದೆಯಾ ಎಂದು ಕೇಳಿದೆ.

"ಪೂರ್ತಿ. ಸುಳ್ಳು ಹೇಳಿದ್ರೆ ಮತ್ತೆ ನನಗೆ ಅಲ್ಲಿ ಕೆಲಸ ಉಂಟಾ?"

ಚಿಕ್ಕಂದಿನಲ್ಲಿ ಸೊಂಟದಲ್ಲಿ ಹೊತ್ತು ತಿರುಗಿದ ತಮ್ಮ. ಮೊಸರು ಬಡಿಸಿದೆ. ಅವನು ಹೋದ ಮೇಲೆ ಟ್ಯಾಬನ್ನು ಅಟ್ಟಕ್ಕೆ ಹಾಕಿದೆ. ಮಗಳು ಅತ್ತಳು.

ಶಾಲೆಯಿಂದ ಬಂದವಳೇ ಈಗಲೂ ನಿಮ್ಮ ನಂಬರಿಗೆ ಮಾತಾಡಿ ಕಳುಹಿಸುತ್ತಾಳೆ. ಪಪ್ಪನ ಫೋನು ಪೊಲೀಸರ ಹತ್ತಿರ ಉಂಟು ಎಂದರೆ, ಹಾಗಾದರೆ ಪೊಲೀಸರು ಕೇಳಲಿ ಎನ್ನುತ್ತಾಳೆ.

ನೋವಿನ ಎಣ್ಣೆ ಕಳುಹಿಸಿದ್ದೇನೆ, ಒಳಗೆ ಬಿಟ್ಟರೆ ಹಚ್ಚಿಕೊಳ್ಳಿ. ಅತ್ತೆ ನಿಮ್ಮ ಹೆಸರಿನಲ್ಲಿ ದಿನಾ ದೀಪ ಇಡುತ್ತಾರೆ, ಅವರ ಆಶೀರ್ವಾದ ನಿಮಗಿರಲಿ.

ನಿಮ್ಮ
ಸ್ವರ್ಣಲತಾ

ಮತ್ತೆ: ಕಾಗದ ಒಯ್ಯಲು ಶುಕೂರ್ ಬಂದು ಗೇಟಿನಲ್ಲಿ ಕಾಯುತ್ತಿದ್ದಾರೆ. ಅಪೀಲಿನಲ್ಲಿ ಸನತ್ ನಿಮ್ಮ ಪರ ಸಾಕ್ಷಿ ಹೇಳುತ್ತಾನೆಂದು ವಕೀಲರಿಗೆ ತಿಳಿಸಿದ್ದೀರಂತೆ. ಅವನು ಬರುವುದಿಲ್ಲ. ಕೇಳಿದೆ, ಕಾಲು ಹಿಡಿದೂ ಕೇಳಿದೆ. ನಿಮಗೆ ಬೇರೆ ಸಾಕ್ಷಿ ಇಲ್ಲವೆಂದು ನನಗೂ ಗೊತ್ತು. ಅವನ ಹೆಸರು ತೆಗೆಸಿಬಿಡಿ. ಕೋರ್ಟಿನಲ್ಲಿ ಬಾಗಿಲು ನೋಡುತ್ತಾ ನಿಲ್ಲಬೇಡಿ.