ಬಿಸಿಲಿನ ಬದಲಿಗೆ

15 ಮೇ 2023, ಸೋಮವಾರ. ಬೆಳಿಗ್ಗೆ 7.10

ಫ್ಯಾಕ್ಟರಿ ಬಸ್ಸು ಇನ್ನೂ ಬಂದಿಲ್ಲ. ಸನ್‌ಸ್ಕ್ರೀನ್ ಹಚ್ಚಿದ್ದಾಯಿತು — ಮುಖ, ಕತ್ತು, ಮುಂಗೈ. ಹೆರಿಗೆ ರಜೆ ಮುಗಿದು ಎರಡನೇ ವಾರ. ಹಾರೋಹಳ್ಳಿಯ ಲ್ಯಾಬಿನಲ್ಲಿ ನನ್ನ ಕುರ್ಚಿ ಹಾಗೇ ಇದೆ. ಪುಟ್ಟಿಗೆ ಆರು ತಿಂಗಳು. ಅವಳನ್ನು ನೋಡಿಕೊಳ್ಳಲು ಅತ್ತೆ ತಮ್ಮ ಊರು ಕಲ್ಯದಿಂದ ಬಂದು ಕನಕಪುರದ ಈ ಬಾಡಿಗೆ ಮನೆಯಲ್ಲಿದ್ದಾರೆ.

ಹೊರಡುವಾಗ ಅತ್ತೆ ಅಂಗಳದಲ್ಲಿ ಕಾಲು ಚಾಚಿ ಕೂತಿದ್ದರು. ಎಣ್ಣೆ ಹಚ್ಚಿದ ಪುಟ್ಟಿ ಅವರ ಕಾಲ ಮೇಲೆ ಬೋರಲು. ಎಳೆಬಿಸಿಲು. ಮಗು ನಗುತ್ತಿತ್ತು.

ಬಸ್ಸಿನಲ್ಲಿ ಓದುತ್ತಿರುವುದು ನಾರ್ವೆಯ ಕಾದಂಬರಿ, ಅನುವಾದ. ಕಡಲ ತೀರದಲ್ಲಿ ಮೈ ಕಂದಿಸಿಕೊಂಡು ಬಂದವಳನ್ನು ಊರೆಲ್ಲ ಚೆಲುವೆ ಎನ್ನುತ್ತದೆ. ಅನುವಾದಕರು ಈ ವಾಕ್ಯದ ಎದುರು ಒಂದು ಗಳಿಗೆ ನಿಂತಿರಬೇಕು. ನಾನೂ ನಿಂತೆ.

21 ಮೇ, ಭಾನುವಾರ

ನನ್ನ ಗಂಡ ಪುನೀತನ ಚಿಕ್ಕಮ್ಮ ಕೆಂಚಮ್ಮ ಮಾಗಡಿಯಿಂದ ಬಂದಿದ್ದರು. ಮಗುವನ್ನು ಕಿಟಕಿಯ ಬಳಿ ಒಯ್ದು, ಅಂಗಡಿಯಲ್ಲಿ ಸೀರೆ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು.

"ಉಟ್ದಾಗ ಬಣ್ಣ ಇತ್ತಲ್ಲೇ ಮಾರಕ್ಕ. ಈಗ್ ನೋಡು, ಸೀದೋಗೈತೆ. ದಿನಾ ಬಿಸ್ಲಿಗಾಕಿ ಅಪ್ಪಳ ಮಾಡ್ತಿದ್ದೀಯಾ?"

ಅತ್ತೆ ನಕ್ಕರು. "ನಿನ್ ಮಕ್ಳುನ್ನೂ ಇಂಗೇ ಕಾಯ್ಸಿದ್ದು ಕಣೆ ನಾನು. ಒಸಿ ಬಿಸ್ಲು ಬಿದ್ರೇ ಮೂಳೆ ಗಟ್ಟಿಯಾಗಾದು."

"ಮೂಳೆ ಯಾರ್ ನೋಡ್ತಾರೆ? ಅವ್ವನ್ ಬಣ್ಣ ಬಂದ್ಬುಟ್ರೆ ಕಷ್ಟ."

ಅವ್ವ ಎಂದರೆ ನಾನು. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಕೇಳಿಸದವಳಂತೆ ಸೋಸಿದೆ.

ಏಳನೇ ಕ್ಲಾಸಿನಲ್ಲಿ ಹುಡುಗರು ನನಗಿಟ್ಟಿದ್ದ ಹೆಸರನ್ನು ಇಲ್ಲಿಯೂ ಬರೆಯಲಾರೆ.

22 ಮೇ

ಅತ್ತೆಗೆ ಹೇಳಿದೆ — ಮಗುವನ್ನು ಇನ್ನು ಬಿಸಿಲಿಗೆ ತರಬೇಡಿ, ಡಾಕ್ಟರು ಬೇಡ ಅಂದಿದ್ದಾರೆ.

ಯಾವ ಡಾಕ್ಟರೂ ಅಂದಿಲ್ಲ.

ಅತ್ತೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಆಯ್ತು ಕಣವ್ವ."

ವಿಟಮಿನ್ ಡಿ ಡ್ರಾಪ್ಸ್ ತಂದಿದ್ದೆ. ಬಾಣಂತನದಲ್ಲಿ ತವರಿನಲ್ಲಿ ಕೊಡುತ್ತಿದ್ದೆ. ಇಲ್ಲಿಗೆ ಬಂದ ಮೇಲೆ, ಹೇಗೂ ಬಿಸಿಲು ಕಾಯಿಸುತ್ತಾರಲ್ಲ ಎಂದು ಬಿಟ್ಟಿದ್ದೆ. "ಇದು ಬಿಸಿಲಿನ ಬದಲಿಗೆ" ಎಂದು ಬಾಟಲಿ ಕೈಗಿತ್ತೆ. ಡ್ರಾಪರಿನ ಗೆರೆ ತೋರಿಸಿದೆ. ಬಸ್ಸಿಗೆ ತಡ. ಉಳಿದದ್ದನ್ನು ಬರೆದು ಫ್ರಿಜ್ಜಿಗೆ ಅಂಟಿಸಿದೆ: ದಿನಕ್ಕೆ ಒಮ್ಮೆ. ಬೆಳಿಗ್ಗೆ. 1 ಮಿ.ಲೀ. ನೇರವಾಗಿ ಬಾಯಿಗೆ.

ದುಂಡಗಿನ ಅಕ್ಷರ. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ.

11 ಜೂನ್, ಭಾನುವಾರ

ಬಾಟಲಿ ಎತ್ತಿ ನೋಡಿದೆ. ಎಷ್ಟು ಇಳಿಯಬೇಕೋ ಅಷ್ಟೇ ಇಳಿದಿದೆ. ಅತ್ತೆ ನನ್ನ ಲ್ಯಾಬಿನವರಿಗಿಂತ ಕರಾರುವಾಕ್ಕು.

ಪುಟ್ಟಿಯ ಮೈಗೆ ಕಿತ್ತಳೆ ಹಣ್ಣಿನ ವಾಸನೆ. ಯಾವ ಸೋಪು ಎಂದು ಕೇಳಬೇಕು.

ಕೆನ್ನೆ ತಿಳಿಯಾಗುತ್ತಿದೆ. ಸಂತೋಷವಾಯಿತು. ಆಯಿತು ಎಂಬುದನ್ನು ಬರೆದಿಡುತ್ತೇನೆ.

19 ನವೆಂಬರ್ 2023, ಭಾನುವಾರ

ಮೊದಲ ಹುಟ್ಟುಹಬ್ಬ ಕಳೆದು ವಾರ. ಇನ್ನೂ ನಿಲ್ಲುವುದಿಲ್ಲ. ನಿಲ್ಲಿಸಿದರೆ ಕಾಲು ಮಡಚಿ ಅಳುತ್ತಾಳೆ. ಪುನೀತನೂ ತಡವಾಗಿಯೇ ನಡೆದನಂತೆ.

ಫೋಟೋದಲ್ಲಿ ಬೆಳ್ಳಗೆ ಬಂದಿದ್ದಾಳೆ. ಕೆಂಚಮ್ಮ ಗ್ರೂಪಿನಲ್ಲಿ ಮೂರು ಹೃದಯ ಹಾಕಿದ್ದಾರೆ.

14 ಏಪ್ರಿಲ್ 2024, ಭಾನುವಾರ

ನಡೆಯುತ್ತಾಳೆ. ಬಾತುಕೋಳಿಯ ಹಾಗೆ, ಅತ್ತಿತ್ತ ವಾಲಿಕೊಂಡು. ಎರಡು ಪಾದ ಕೂಡಿಸಿ ನಿಲ್ಲಿಸಿ ನೋಡಿದೆ. ಮೊಣಕಾಲುಗಳ ನಡುವೆ ನನ್ನ ಮುಷ್ಟಿ ಹಿಡಿಸಿತು.

ಅವಳಿಗೆ ಅದು ಆಟ. ಮುಷ್ಟಿ ತೆಗೆಯಲು ಬಿಡಲಿಲ್ಲ.

16 ಏಪ್ರಿಲ್, ಮಂಗಳವಾರ

ಕ್ಲಿನಿಕ್. ಎಕ್ಸ್‌ರೇ. ರಿಕೆಟ್ಸ್ — ಮೂಳೆ ಮೆತ್ತಗಾಗಿ ಬಾಗಿದೆ. ರಕ್ತದಲ್ಲಿ ವಿಟಮಿನ್ ಡಿ ಆರು. ಇಪ್ಪತ್ತಕ್ಕಿಂತ ಮೇಲಿರಬೇಕಿತ್ತು.

"ಡ್ರಾಪ್ಸ್ ಕೊಡ್ತಿದ್ರಾ?" ಡಾಕ್ಟರು ಕೇಳಿದರು.

"ಒಂದು ದಿನವೂ ತಪ್ಪಿಸಿಲ್ಲ" ಎಂದೆ.

"ಬಿಸಿಲು?"

"ಡಾಕ್ಟ್ರೇ ಬೇಡ ಅಂದಿದ್ರಲ್ಲ ಮೇಡಂ" ಎಂದ ಪುನೀತ್.

"ಯಾವ ಡಾಕ್ಟರು?"

ಪುನೀತ್ ನನ್ನ ಕಡೆ ತಿರುಗಿದ. ನಾನು ಎಕ್ಸ್‌ರೇ ನೋಡುತ್ತಿದ್ದೆ.

ಮನೆಗೆ ಬಂದು, ಡ್ರಾಪ್ಸ್ ಹೇಗೆ ಕೊಡುತ್ತಿದ್ದಿರಿ ತೋರಿಸಿ ಎಂದೆವು. ಅತ್ತೆ ಎಣ್ಣೆಬಟ್ಟಲು ತಂದರು. ಡ್ರಾಪರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಗೆರೆಯವರೆಗೆ ತುಂಬಿದರು, ನಾನು ತೋರಿಸಿದ ಹಾಗೇ. ಎಣ್ಣೆಗೆ ಬಿಟ್ಟು ಬೆರಳಲ್ಲಿ ಕಲಸಿದರು.

"ಇಂಗೇ. ದಿನಾ ಉಜ್ತಿದ್ದೆ."

"ಮೈಗಾ?"

"ಬಿಸ್ಲಿನ್ ಬದ್ಲಿಗೆ ಅಂದ್ಲಲ್ಲಪ್ಪ. ಬಿಸ್ಲು ಮೈಗಲ್ವಾ ಬೀಳಾದು?"

ಪುನೀತ್ ಕೂಗಾಡಿದ. "ಅಷ್ಟುದ್ದ ಚೀಟಿ ಅಂಟ್ಸವ್ಳೆ ಕಣವ್ವ! ಯಾರ್ ಕೈಲಾದ್ರೂ ಓದ್ಸಕ್ಕಾಗ್ನಿಲ್ವಾ? ಮೇಲ್ಗಡೆ ಮನೆ ಹಮೀದಾ ಇರ್ನಿಲ್ವಾ?"

ಅತ್ತೆಗೆ ಓದಲು ಬರುವುದಿಲ್ಲ. ನನಗೆ ಗೊತ್ತಿತ್ತು. ಮದುವೆಯಾದ ವರ್ಷವೇ ಗೊತ್ತಿತ್ತು. ಹಾಗಾದರೆ ಆ ಚೀಟಿ ಯಾರಿಗೆ ಬರೆದೆ?

ಡ್ರಾಪ್ಸಿನದೇ ಆ ಕಿತ್ತಳೆ ವಾಸನೆ. ಹನ್ನೊಂದು ತಿಂಗಳು ಆ ಮೈಯನ್ನು ಮೂಸಿದೆ. ಕೇಳಲಿಲ್ಲ.

17 ಏಪ್ರಿಲ್

ಕೆಂಚಮ್ಮನ ಫೋನು. ಅತ್ತೆಗೆ ಸ್ಪೀಕರ್ ಆಫ್ ಮಾಡಲು ಬರುವುದಿಲ್ಲ.

"ಎಣ್ ಮಗೀನ್ ಕಾಲು ಸೊಟ್ಟ ಮಾಡ್ಬುಟ್ಯಲ್ಲೇ! ಕುಡ್ಸಾದ್ಯಾವ್ದು ಅಚ್ಚಾದ್ಯಾವ್ದು ಗೊತ್ತಾಗಕಿಲ್ವಾ ನಿಂಗೆ?"

"ನಂದೇ ತಪ್ಪು ಕಣೆ" ಎಂದರು ಅತ್ತೆ. ಮೂರು ಸಲ.

ನಾನು ಅಲ್ಲೇ ಬಟ್ಟೆ ಮಡಚುತ್ತಿದ್ದೆ. ಬಿಸಿಲು ನಿಲ್ಲಿಸಿದ್ದು ನಾನು, ಬಣ್ಣಕ್ಕಾಗಿ ನಿಲ್ಲಿಸಿದ್ದು — ವಾಕ್ಯ ಪೂರ್ತಿ ಸಿದ್ಧವಿತ್ತು. ಡ್ರಾಪ್ಸ್ ಎಣ್ಣೆಗೆ ಹೋಗಿದ್ದರೂ, ಅಂಗಳದ ಆ ಅರ್ಧ ಗಂಟೆ ಉಳಿದಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ. ಅದೂ ಗೊತ್ತಿತ್ತು. ಇನ್ನೊಂದು ಲಂಗ ಮಡಚಿದೆ.

20 ಏಪ್ರಿಲ್, ಶನಿವಾರ

ಅತ್ತೆ ಕಲ್ಯಕ್ಕೆ ಹೊರಟರು. ಪುನೀತ್ ತಡೆಯಲಿಲ್ಲ, ಎದ್ದು ಬರಲೂ ಇಲ್ಲ. ಬಸ್‌ಸ್ಟ್ಯಾಂಡಿನವರೆಗೆ ನಾನೇ ಚೀಲ ಹಿಡಿದುಕೊಂಡು ಹೋದೆ.

"ಎಣ್ಣೆಬಟ್ಲು ತೊಳ್ದು ಮೇಲಿಟ್ಟಿವ್ನಿ" ಎಂದರು, ಕಿಟಕಿಯಿಂದ.

ಹೇಳಲು ಬಸ್ಸು ಹೊರಡುವವರೆಗೂ ಸಮಯವಿತ್ತು. ಡ್ರೈವರ್ ಟೀ ಕುಡಿಯಲು ಹೋಗಿದ್ದ.

20 ಜುಲೈ, ಶನಿವಾರ

ಎರಡನೇ ಎಕ್ಸ್‌ರೇ. ಮೂಳೆ ತುಂಬಿಕೊಳ್ಳುತ್ತಿದೆ. ವಿಟಮಿನ್ ಡಿ ಮೂವತ್ತನಾಲ್ಕು. ಬಾಗು ತಾನೇ ನೆಟ್ಟಗಾಗಬಹುದು, ಮೂರು ನಾಲ್ಕು ವರ್ಷಕ್ಕೆ. ಆಗದಿದ್ದರೆ ನೋಡೋಣ ಎಂದರು ಡಾಕ್ಟರು. ಬೆಳಿಗ್ಗೆ ಒಸಿ ಬಿಸಿಲಿಗೂ ಬಿಡಬೇಕಂತೆ.

'ಒಸಿ' — ಅತ್ತೆಯ ಮಾತು ನನ್ನ ಬರಹಕ್ಕೆ ಬಂದಿದೆ. ಹೊಡೆದುಹಾಕುವುದಿಲ್ಲ.

ಪುನೀತ್ ತಾಯಿಗೆ ಫೋನ್ ಮಾಡಿ ಮೂರು ತಿಂಗಳಾಯಿತು.

17 ನವೆಂಬರ್ 2024, ಭಾನುವಾರ. ಕಲ್ಯ, ಬೆಳಿಗ್ಗೆ 9.30

ಪುಟ್ಟಿಗೆ ಎರಡು ತುಂಬಿತು. ಹಟ ಹಿಡಿದು ಪುನೀತನನ್ನು ಕರೆದುಕೊಂಡು ಬಂದೆ. ತಾಯಿಯ ಜೊತೆ ಮಾತಿಲ್ಲ. ಬೈಕು ತೊಳೆಯುತ್ತಿದ್ದಾನೆ, ತೊಳೆದ ಬೈಕನ್ನೇ.

ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಪುಟ್ಟಿಯನ್ನು ಮಲಗಿಸಿಕೊಂಡರು. ಅವಳ ಕಾಲುಗಳು ಈಗ ಅತ್ತೆಯ ಪಾದ ದಾಟುತ್ತವೆ. "ಮುಟ್ಲಾ?" ಎಂದು ನನ್ನನ್ನು ಕೇಳಿ ಎಣ್ಣೆ ಹಚ್ಚಿದರು. ಎಳೆಬಿಸಿಲು ಬಂದಾಗ ಸೆರಗು ಎಳೆದು ಮಗುವಿನ ಮುಖಕ್ಕೆ ಮರೆ ಹಿಡಿದರು. ಕಾಲು ಬಿಸಿಲಿನಲ್ಲಿ, ಮುಖ ನೆರಳಿನಲ್ಲಿ.

"ಮುಖಕ್ಕೆ ಯಾಕತ್ತೆ?"

"ಕಾಲ್ಗೆ ಬಿದ್ರೆ ಸಾಕಲ್ವಾ. ಮೊಕ ಕಂದ್ರೆ ನಿಂಗ್ ಬ್ಯಾಸ್ರ ಆಯ್ತದೆ."

ಎಣ್ಣೆಬಟ್ಟಲನ್ನು ಅವರ ಕೈಗೆ ಹತ್ತಿರ ಇಟ್ಟೆ.

"ಡಾಕ್ಟ್ರು ಏಳಿಲ್ಲ ಅಂತ ಅವತ್ತೇ ಗೊತ್ತಾಯ್ತು ಕಣವ್ವ. ಅದ್ರ ಮುಂಚಿನ್ ದಿನ ಕೆಂಚಿ ಆಡಿದ್ ಮಾತು ನಂಗೂ ಕೇಳುಸ್ತಲ್ಲ."

"ಮತ್ತೆ ಪುನೀತ್ ಬೈಯುವಾಗ ಯಾಕೆ ಸುಮ್ಮನಿದ್ದಿರಿ?"

"ಅವ್ನು ನಮ್ಮಿಬ್ರುನ್ನೂ ಬೈದು ಓಡ್ಸಿದ್ರೆ ಮಗೀನ್ ಯಾರ್ ನೋಡ್ತಿದ್ರು, ಕೆಂಚಿನಾ?" ನಕ್ಕರು.

ಸೆರಗನ್ನು ನಾನೇ ಸರಿಸಿದೆ. ಪುಟ್ಟಿ ಕಣ್ಣು ಕಿರಿದು ಮಾಡಿ ಒಂದು ಸೀನು ಸೀನಿದಳು.

ಇಲ್ಲಿಂದ ಪುನೀತ್ ಕಾಣುತ್ತಾನೆ. ಹತ್ತು ಹೆಜ್ಜೆ. ಈ ಹಾಳೆ ಹರಿದು ಕೈಗೆ ಕೊಟ್ಟುಬಿಟ್ಟರೆ ಎಂದು ಯೋಚಿಸಿದೆ. ಬೇಡ. ಚೀಟಿ ಬರೆದದ್ದು ಸಾಕು. ಬಾಯಿಬಿಟ್ಟೇ ಹೇಳಬೇಕು.

ನಲ್ಲಿ ನಿಲ್ಲಿಸಿದ. ಕೈ ಒರೆಸಿಕೊಳ್ಳುತ್ತಿದ್ದಾನೆ. ಪುನೀತ್, ಒಂದು ನಿಮಿಷ ಬಾ, ಅತ್ತೆಯ ಎದುರಿಗೇ —